ವಾಟರ್‌ಲೂ ಆಟದಲ್ಲಿ ಸುಳ್ಳು ಇರುವುದು ಸಾಯುವುದರಲ್ಲಲ್ಲ

"ಇಷ್ಟು ಹೊತ್ತು ಗುಂಡು ಹಾರಿಸಿದರೂ ಒಬ್ಬನೂ ಸಾಯಲ್ವಲ್ಲ ಮಾರಾಯ್ರೆ!" ಹಳೇ ಯುದ್ಧಗಳ ಮರುಪ್ರದರ್ಶನದ ವಿಡಿಯೊ ಯಾರಿಗೆ ತೋರಿಸಿದರೂ ಮೊದಲು ಬರುವ ಮಾತು ಇದೇ. ಎರಡನೆಯದು, "ದೊಡ್ಡವರ ವೇಷದಾಟ." ಎರಡೂ ಪೂರ್ತಿ ತಪ್ಪೇನಲ್ಲ. ಆದರೆ ಸುಳ್ಳು ಹುಡುಕುವವರು ಅದಿಲ್ಲದ ಕಡೆ ಹುಡುಕುತ್ತಿದ್ದಾರೆ ಅನ್ನೋದು ನನ್ನ ತಕರಾರು.

ವಾಟರ್‌ಲೂವನ್ನೇ ತಗೊಳ್ಳಿ. ಬೆಲ್ಜಿಯಂನ ಬ್ರಸೆಲ್ಸ್‌ಗೆ ದಕ್ಷಿಣದಲ್ಲಿ, 1815ರ ಜೂನ್ 18ರಂದು ನೆಪೋಲಿಯನ್ ಕೊನೆಯ ಸಲ ಸೋತ ಬಯಲು. 2015ರಲ್ಲಿ ಇನ್ನೂರು ವರ್ಷ ತುಂಬಿದಾಗ ಸುಮಾರು 5,000 ರೀಎನಾಕ್ಟರ್‌ಗಳು (ಹಳೇ ಸೈನಿಕರ ವೇಷ ತೊಟ್ಟು ಯುದ್ಧ ಆಡಿ ತೋರಿಸುವ ಹವ್ಯಾಸಿಗಳು), 300 ಕುದುರೆ, 100 ಫಿರಂಗಿ ಅಲ್ಲಿ ಸೇರಿದ್ದವು. ಯೂರೋಪಿನ ಮಟ್ಟಿಗೆ ಭಾರೀ ಜಾತ್ರೆ. ಆದರೆ ನಿಜವಾದ ದಿನ ಫ್ರೆಂಚರು, ಬ್ರಿಟಿಷರು ಮತ್ತವರ ಜೊತೆಗಾರರು, ಪ್ರಷ್ಯನ್ನರು ಎಲ್ಲ ಸೇರಿ 1,80,000ಕ್ಕೂ ಹೆಚ್ಚು ಜನ ಇದ್ದರು. ಅಂದರೆ ಆ ಜಾತ್ರೆಯಲ್ಲೂ ಒಬ್ಬೊಬ್ಬ ಮೂವತ್ತೈದಕ್ಕೂ ಹೆಚ್ಚು ಮಂದಿಯ ಪರವಾಗಿ ನಿಂತಿದ್ದ.

ಸಾಯುವ ವಿಚಾರ ಮೊದಲು ಮುಗಿಸಿಬಿಡೋಣ. ಉಣ್ಣೆಯ ಕೋಟು ತೊಟ್ಟು, ನಲವತ್ತು ತೋಟಾ ಕಟ್ಟಿಕೊಂಡು, ಕೈಯಿಂದ ದುಡ್ಡು ಹಾಕಿ ದೂರದಿಂದ ಬಂದವನು ಮೊದಲ ಸುತ್ತಿನ ಗುಂಡಿಗೇ ಸತ್ತರೆ ಜೂನ್ ಬಿಸಿಲಲ್ಲಿ ಒಂದು ಗಂಟೆ ಅಂಗಾತ ಮಲಗಬೇಕು. ಯಾರಿಗೆ ಬೇಕು? ಅದಕ್ಕೇ ಪಡೆಗಳು ಸಾವನ್ನು ಹಂಚಿಕೊಳ್ಳುತ್ತವೆ. ಕೋವಿ ಕೈಕೊಟ್ಟವನು, ತೋಟಾ ಮುಗಿದವನು, ಸೆಖೆಗೆ ತಲೆ ಸುತ್ತಿದವನು, ಇವರು ಮೊದಲು ಬೀಳಬೇಕು. ಬೀಳುವುದಕ್ಕೂ ಕ್ರಮ ಇದೆ. ಮೊದಲು ನೆಲ ನೋಡಬೇಕು, ಬೆನ್ನ ಹಿಂದಿನ ತೋಟಾ ಪೆಟ್ಟಿಗೆಯ ಮೇಲೆ ಬೀಳಬಾರದು, ಕೋವಿಯ ಬಾಯಿ ಯಾರ ಕಡೆಗೂ ತಿರುಗಿರಬಾರದು, ಕುದುರೆ ಬರುವ ದಾರಿಯಲ್ಲಂತೂ ಸಾಯಲೇಬಾರದು. ದೂರದಿಂದ ನೋಡಿದರೆ ಬಸ್ಸಿನಿಂದ ಇಳಿದಂತೆ ಕಾಣುತ್ತದೆ, ನಿಜ. ಹಾಗೆ ಕಂಡರೆ ಸರಿಯಾಗಿ ಬಿದ್ದ ಅಂತಲೇ ಅರ್ಥ.

ಈಗ ಕೋವಿ. ಬ್ರಿಟಿಷರ ಕೆಂಪು ಕೋಟಿನವರ ಕೈಯಲ್ಲಿರುವುದು ಬ್ರೌನ್ ಬೆಸ್ ಅನ್ನೋ ಚಕಮಕಿ ಕಲ್ಲಿನ ಕೋವಿ. ಅದರಲ್ಲೂ ವಾಟರ್‌ಲೂ ಕಾಲದ್ದು ಹೆಚ್ಚಿನವು 'ಇಂಡಿಯಾ ಪ್ಯಾಟರ್ನ್'. 42 ಇಂಚಿನ ನಳಿಗೆಯನ್ನು 39ಕ್ಕೆ ಇಳಿಸಿ, ಖರ್ಚು ಕಮ್ಮಿ ಮಾಡಿ ಈಸ್ಟ್ ಇಂಡಿಯಾ ಕಂಪನಿ ತನ್ನ ಸೇನೆಗೆ ಮಾಡಿಸಿಕೊಂಡ ಮಾದರಿ. ಫ್ರಾನ್ಸ್ ಜೊತೆ ಯುದ್ಧ ಶುರುವಾಗಿ ಕೋವಿ ಸಾಲದಾದಾಗ ಬ್ರಿಟಿಷ್ ಸರ್ಕಾರ ಅದನ್ನೇ ತನ್ನದಾಗಿಸಿಕೊಂಡಿತು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಕಂಪನಿ ತಂದ ಕೋವಿಯ ಜಾತಿಯೇ ವಾಟರ್‌ಲೂವಿನದ್ದೂ. ಎರಡೂ ಕಡೆ ಇದ್ದ ಮನುಷ್ಯನೂ ಒಬ್ಬನೇ: ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ಪೆಟ್ಟು ತಿಂದು ಹಿಮ್ಮೆಟ್ಟಿದ ಕರ್ನಲ್ ವೆಲ್ಲೆಸ್ಲಿಯೇ ಮುಂದೆ ವಾಟರ್‌ಲೂವಿನಲ್ಲಿ ಬ್ರಿಟಿಷರ ದಂಡನಾಯಕನಾಗಿದ್ದ ವೆಲ್ಲಿಂಗ್ಟನ್ ಆದ. ಇನ್ನೊಂದು ತಮಾಷೆ ನೋಡಿ. ಇವತ್ತು ರೀಎನಾಕ್ಟರ್‌ಗಳು ಹೊರುವ ಅಗ್ಗದ ನಕಲು ಕೋವಿಗಳಲ್ಲಿ ಬಹಳಷ್ಟು ಭಾರತದಲ್ಲೇ ತಯಾರಾಗುವಂಥವು. ಕಾನೂನಿನ ಕಣ್ಣಿಗೆ ಬಂದೂಕು ಆಗದಿರಲಿ ಅಂತ ಕಿವಿತೂತು, ಅಂದರೆ ಕಿಡಿ ಒಳಗೆ ಹೋಗುವ ರಂಧ್ರ, ಕೊರೆಯದೆ ಕಳಿಸುತ್ತಾರೆ. ಕೊಂಡವರು ಅಲ್ಲಿ ಕೊರೆಸಿ, ನಳಿಗೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇವುಗಳ ಮಾಮೂಲಿ ಕಾಯಿಲೆ ಅಂದರೆ ಚಕಮಕಿ ಕಲ್ಲು ಉಜ್ಜುವ ಉಕ್ಕಿನ ಪಟ್ಟಿ ಸರಿಯಾಗಿ ಹದ ಆಗಿರುವುದಿಲ್ಲ. ಕಲ್ಲು ಅದನ್ನು ಕೆರೆಯುತ್ತದೆ, ಕಿಡಿ ಮಾತ್ರ ಬರುವುದಿಲ್ಲ.

ಈಡು ತುಂಬುವುದನ್ನು ಹತ್ತಿರದಿಂದ ನೋಡಬೇಕು. ಕೋವಿಯ ಕುದುರೆಯನ್ನು (ಹುಲ್ಲು ಮೇಯುವುದಲ್ಲ, ಕಲ್ಲು ಕಚ್ಚಿಕೊಂಡಿರುವುದು) ಅರ್ಧಕ್ಕೆ ಎಳೆದು ನಿಲ್ಲಿಸುತ್ತಾರೆ. ಕಾಗದದ ತೋಟಾವನ್ನು ಹಲ್ಲಲ್ಲಿ ಹರಿದು ಒಂದು ಚಿಟಿಕೆ ಕರಿಮದ್ದನ್ನು ಕಿವಿತೂತಿನ ಪಕ್ಕದ ಪುಟ್ಟ ಬಟ್ಟಲಿಗೆ ಹಾಕಿ ಮುಚ್ಚುತ್ತಾರೆ. ಹಿಡಿಯನ್ನು ನೆಲಕ್ಕಿಟ್ಟು ಉಳಿದ ಮದ್ದು ನಳಿಗೆಗೆ ಸುರಿಯುತ್ತಾರೆ. 1815ರ ತೋಟಾದಲ್ಲಿ ಸುಮಾರು 10 ಗ್ರಾಂ ಮದ್ದು, ಮೇಲೊಂದು ಸೀಸದ ಗುಂಡು. ಈಗಿನದರಲ್ಲಿ 5-6 ಗ್ರಾಂ, ಗುಂಡಿಲ್ಲ. ಕಾಗದವನ್ನೂ ನಳಿಗೆಗೆ ತುರುಕುವಂತಿಲ್ಲ, ಹೊತ್ತಿಕೊಂಡು ಹಾರಿ ಎದುರಿನವನ ಮುಖಕ್ಕೋ ಒಣಹುಲ್ಲಿಗೋ ಬೀಳುತ್ತದೆ. ಮದ್ದು, ಗುಂಡನ್ನು ನಳಿಗೆಯ ತಳಕ್ಕೆ ಗಿಡಿಯುವ ಕಂಬಿಯನ್ನು ಕದನದ ಮಧ್ಯೆ ಹೊರಗೆ ತೆಗೆಯುವುದನ್ನು ಹೆಚ್ಚಿನ ಸಂಘಗಳು ನಿಷೇಧಿಸಿವೆ. ಗಡಿಬಿಡಿಯಲ್ಲಿ ಅದನ್ನು ನಳಿಗೆಯಲ್ಲೇ ಮರೆತು ಟ್ರಿಗರ್ ಎಳೆದರೆ ಅದೇ ಬಾಣ.

ನಾನು ಹೇಳುವ ಸುಳ್ಳು ಇಲ್ಲಿದೆ. ಗಿಡಿಯುವ ಕೆಲಸವೇ ಇಲ್ಲದ್ದರಿಂದ ಆಟದಲ್ಲಿ ಗುಂಡಿನ ಸುರಿಮಳೆ ನಿಜಕ್ಕಿಂತ ಬೇಗ ಬೇಗ ಬರುತ್ತದೆ. ಅಸಲಿಗೆ ಗುಂಡು ಹಾಕಿ, ಕಂಬಿ ಎಳೆದು, ತಿರುಗಿಸಿ, ಗಿಡಿದು, ಮತ್ತೆ ಅದರ ಜಾಗಕ್ಕೆ ಸೇರಿಸಬೇಕಿತ್ತು. ಪಳಗಿದವನಿಗೆ ನಿಮಿಷಕ್ಕೆ ಎರಡು, ಮೂರು ಈಡು. ಆ ಇಪ್ಪತ್ತು-ಮೂವತ್ತು ಸೆಕೆಂಡು ಖಾಲಿ ಕೋವಿ ಹಿಡಿದು, ಎದುರಿನವನು ಗುರಿಯಿಡುವುದನ್ನು ನೋಡುತ್ತ ನಿಲ್ಲುವುದೇ ಆ ಯುದ್ಧದ ಅಸಲು ಭಯ. ಪ್ರದರ್ಶನ ಅದನ್ನೇ ನುಂಗಿಹಾಕುತ್ತದೆ. ಯಾರೂ ಸಾಯದಿರುವುದು ಇದರ ಮುಂದೆ ಏನೇನೂ ಅಲ್ಲ.

ಭಾಗವಹಿಸುವ ಆಸೆ ಇರುವವರು, ವಿಶೇಷವಾಗಿ ಇಂಗ್ಲೆಂಡು, ಜರ್ಮನಿ ಕಡೆ ಕೆಲಸಕ್ಕೆ ಹೋಗಿರುವ ನಮ್ಮವರು, ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಅಪಾಯ ಎದುರಾಳಿಯಿಂದ ಅಲ್ಲ, ಪಕ್ಕದವನಿಂದ. ಬಟ್ಟಲು ಹೊತ್ತಿದಾಗ ಕಿವಿತೂತಿನಿಂದ ಬೆಂಕಿ ಬಲಕ್ಕೆ ಚಿಮ್ಮುತ್ತದೆ, ಅದಕ್ಕೇ ಅಲ್ಲೊಂದು ಹಿತ್ತಾಳೆಯ ತಡೆ ಹಾಕುತ್ತಾರೆ. ಹಿಂದಿನ ಸಾಲಿನವನ ನಳಿಗೆ ಮುಂದಿನವನ ಮುಖ ದಾಟಿ ಸಾಕಷ್ಟು ಹೊರಗಿರಬೇಕು, ಇಲ್ಲದಿದ್ದರೆ ಅವನ ಕಿವಿ ಹೋಯಿತು. ಎಲ್ಲಕ್ಕಿಂತ ಕೆಟ್ಟದ್ದು ಬಟ್ಟಲು ಮಾತ್ರ ಭುಗ್ ಅಂದು ಒಳಗಿನ ಮದ್ದು ಹೊತ್ತದಿರುವುದು. ಐವತ್ತು ಕೋವಿ ಒಟ್ಟಿಗೆ ಸಿಡಿದಾಗ ನಿಮ್ಮದು ಸಿಡಿಯಿತೋ ಇಲ್ಲವೋ ಗೊತ್ತಾಗುವುದೇ ಇಲ್ಲ, ಗುಂಡಿಲ್ಲದ ಈಡಿಗೆ ಒದೆತವೂ ಅಷ್ಟಕ್ಕಷ್ಟೇ. ಹೊಸಬ ಅದರ ಮೇಲೆ ಇನ್ನೊಂದು ಈಡು ಸುರಿಯುತ್ತಾನೆ, ಮತ್ತೊಂದು ಸುರಿಯುತ್ತಾನೆ. ಅನುಮಾನ ಬಂದರೆ ಕೋವಿಯ ಬಾಯಿ ಮೇಲಕ್ಕೆತ್ತಿ ನಿಂತು ಕಾಯಬೇಕು, ತಂತಿಯಿಂದ ಕಿವಿತೂತು ಚುಚ್ಚಿ ಮತ್ತೆ ಬಟ್ಟಲಿಗೆ ಮದ್ದಿಡಬೇಕು, ಆದರೂ ಆಗದಿದ್ದರೆ ಸಾಲು ಬಿಟ್ಟು ಹಿಂದಕ್ಕೆ. ಮೋಡದ ದಿನ ಇದು ಇನ್ನೂ ಜಾಸ್ತಿ. ಉರಿದ ಕರಿಮದ್ದಿನ ಮಸಿ ತೇವ ಹೀರಿ ಬಟ್ಟಲಲ್ಲಿ ಕಪ್ಪು ಗೊಜ್ಜಾಗಿ ಕೂರುತ್ತದೆ.

ಫಿರಂಗಿ ಇನ್ನೂ ಗಂಭೀರ. ಮೈಸೂರು ದಸರಾದ ಕುಶಾಲತೋಪು ನೋಡಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತದೆ: ರಾಷ್ಟ್ರಗೀತೆ ನಡೆಯುವಷ್ಟರಲ್ಲಿ 21 ಸುತ್ತು, ನಡುವೆ ಒದ್ದೆ ಬಟ್ಟೆ ಸುತ್ತಿದ ಕೋಲು ಒಳಗೆ ಆಡುತ್ತಲೇ ಇರುತ್ತದೆ. ಮೊದಲ ಈಡಿನ ಒಂದು ಕೆಂಡದ ಚೂರು ಒಳಗುಳಿದರೂ ಎರಡನೆಯದು ತುಂಬುವವನ ಕೈಯಲ್ಲೇ ಸಿಡಿಯುತ್ತದೆ. ದಿನಗಟ್ಟಲೆ ತಾಲೀಮು ಮಾಡಿದ ಪೊಲೀಸರು ಆ ವೇಗ ತರಬಹುದು. ವಾರಾಂತ್ಯದ ಹವ್ಯಾಸಿಗಳು ತರಬಾರದು, ಎರಡು ಈಡಿನ ನಡುವೆ ನಿಮಿಷಗಟ್ಟಲೆ ಕಾಯುವುದೇ ಲೇಸು. ಒರೆಸುವಾಗ, ಗಿಡಿಯುವಾಗ ಒಬ್ಬ ಚರ್ಮದ ಬೆರಳ್ಚೀಲ ಹಾಕಿಕೊಂಡು ಹೆಬ್ಬೆರಳಿಂದ ಕಿವಿತೂತು ಒತ್ತಿಹಿಡಿದಿರುತ್ತಾನೆ, ಗಾಳಿಯಾಡಿದರೆ ಕೆಂಡ ಜೀವ ಪಡೆಯುತ್ತದೆ. ಗಿಡಿಯುವವನ ಕೈ ಗಮನಿಸಿ. ಅಂಗೈ ಮೇಲ್ಮುಖ, ಹೆಬ್ಬೆರಳು ಕೋಲನ್ನು ಸುತ್ತಿರುವುದಿಲ್ಲ, ಬೇರೆ ಬೆರಳುಗಳ ಜೊತೆಗೇ ಇರುತ್ತದೆ. ಸಿಡಿದರೂ ಕೋಲು ಹೋಗಲಿ, ಬೆರಳು ಉಳಿಯಲಿ ಅಂತ. ಇದನ್ನು ಸರಿಯಾಗಿ ಮಾಡದ ತಂಡ ಎಷ್ಟೇ ಚಂದದ ಗುಂಡಿ ಹೊಲಿಸಿಕೊಂಡಿದ್ದರೂ ಅವರ ಪಕ್ಕ ನಿಲ್ಲಬೇಡಿ.

ಅಂದಹಾಗೆ ವಾಟರ್‌ಲೂವಿನಲ್ಲಿ ಬ್ರಿಟಿಷರು ರಾಕೆಟ್ಟೂ ಹಾರಿಸಿದ್ದರು, ಮೈಸೂರಿನ ರಾಕೆಟ್ ನೋಡಿ ಕಲಿತು ಕಾಂಗ್ರೀವ್ ಅನ್ನೋ ಇಂಗ್ಲಿಷಿನವನು ಮಾಡಿದ್ದು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಿನ ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಹಳೇ ರಾಕೆಟ್ ಸಿಕ್ಕವಲ್ಲ, ಅದೇ ವಂಶ. ಕಬ್ಬಿಣದ ಕೊಳವೆಗೆ ಕೋಲು ಕಟ್ಟಿ ಬಿಟ್ಟರೆ ಎಲ್ಲಿ ಹೋಗುತ್ತದೋ ಬಿಟ್ಟವನಿಗೇ ಗೊತ್ತಿಲ್ಲ. ಜನ ಸೇರಿದ ಕಡೆ ಅದನ್ನು ಆಡಿ ತೋರಿಸುವ ಮಾತೇ ಬೇಡ.

ನೋಡಲು ಹೋಗುವವರಿಗೆ: ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಿ, ಗಾಳಿ ಬರುವ ಕಡೆ ಜಾಗ ಹಿಡಿಯಿರಿ. ತಪ್ಪಿದರೆ ಹತ್ತು ನಿಮಿಷದ ನಂತರ ಬರೀ ಬಿಳಿ ಹೊಗೆ. ಸಾಲಿಗೆ ನೇರ ಎದುರಿಗಿಂತ ಒಂದು ಕೊನೆಯಲ್ಲಿ ನಿಂತರೆ ಕೈಗಳು ಕಾಣುತ್ತವೆ. ಮಕ್ಕಳಿಗೆ ಕಿವಿಗೆ ಹತ್ತಿ ಸಾಲದು, ಇಯರ್ ಮಫ್ ಬೇಕು. ಯುದ್ಧದ ನೆನಪಿಗೆ ಅಲ್ಲೇ ಕಟ್ಟಿದ ಸಿಂಹದ ದಿಬ್ಬದ 226 ಮೆಟ್ಟಿಲು ಹತ್ತಿ, ಬಯಲು ಚೆನ್ನಾಗಿ ಕಾಣುತ್ತದೆ. ಆದರೆ ವೆಲ್ಲಿಂಗ್ಟನ್ ಯಾವ ದಿಣ್ಣೆಯ ಹಿಂದೆ ತನ್ನ ಸೈನ್ಯ ಬಚ್ಚಿಟ್ಟಿದ್ದನೋ ಅದರ ಮಣ್ಣನ್ನೇ ಅಗೆದು ಈ ದಿಬ್ಬ ಕಟ್ಟಿದ್ದು, ಹಾಗಾಗಿ ಫ್ರೆಂಚರಿಗೆ ಯಾಕೆ ಏನೂ ಕಾಣಲಿಲ್ಲ ಅನ್ನೋದು ಈಗ ಅಲ್ಲಿಂದ ತಿಳಿಯುವುದಿಲ್ಲ.

ಮತ್ತೆ ಚಪ್ಪಾಳೆ ಮುಗಿದ ತಕ್ಷಣ ಕಾರ್ ಪಾರ್ಕಿಂಗಿಗೆ ಓಡಬೇಡಿ. ಸಾಲು ಮತ್ತೆ ಸೇರುತ್ತದೆ, ಆಗ ಕಂಬಿ ಹೊರಬರುತ್ತದೆ. ಒಬ್ಬೊಬ್ಬರೂ ಅದನ್ನು ನಳಿಗೆಯೊಳಗೆ ಬಿಟ್ಟು ಕುಟ್ಟಿ ತೋರಿಸಬೇಕು, ಸಾರ್ಜೆಂಟ್ ಕಿವಿಗೊಟ್ಟು ಸಾಲಿನುದ್ದ ನಡೆಯುತ್ತಾನೆ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಠಣ್ ಅಂದರೆ ಖಾಲಿ. ದೊಪ್ ಅಂದರೆ ಒಳಗೆ ಈಡು ಇನ್ನೂ ಇದೆ.