ಕೆಲಸ ಕೇಳುವುದಕ್ಕೆ ಆಧಾರ್ ಪ್ರತಿ ಏಕೆ ಬೇಕು?

ಡೊಂಬಿವಲಿಯಿಂದ ದಹಿಸರ್‌ವರೆಗೆ ನಮ್ಮ ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ‘ಊರಿನಿಂದ ಬಂದ ಹುಡುಗ, ಬಿ.ಕಾಂ. ಆಗಿದೆ, ಎಲ್ಲಾದರೂ ಕೆಲಸವಿದ್ದರೆ ನೋಡಿ’ ಎಂಬ ಸಂದೇಶ ಬಂದಾಗಲೆಲ್ಲ ಅದರ ಬೆನ್ನಿಗೇ ಮೂರು ಪಿಡಿಎಫ್‌ಗಳೂ ಬರುತ್ತವೆ: ಬಯೋಡೇಟಾ, ಆಧಾರ್, ಪ್ಯಾನ್. ಗುಂಪಿನ ನೂರಾರು ಜನರಲ್ಲಿ ಕೆಲಸ ಕೊಡಿಸಬಲ್ಲವರು ಒಬ್ಬರೋ ಇಬ್ಬರೋ. ದಾಖಲೆಗಳು ಮಾತ್ರ ಎಲ್ಲರ ಫೋನಿಗೂ ಹೋಗಿ ಸೇರುತ್ತವೆ. ಈ ಸಹಾಯದ ಬಗ್ಗೆ ನನಗೆ ಗೌರವವಿದೆ. ಈ ನಗರದಲ್ಲಿ ನಮ್ಮವರಲ್ಲಿ ಅನೇಕರಿಗೆ ಮೊದಲ ಕೆಲಸ ಸಿಕ್ಕಿದ್ದೇ ಪರಿಚಯದ ಯಾರೋ ಒಬ್ಬ ಅಣ್ಣ ಮಾಲೀಕರಿಗೆ ಹೇಳಿದ ಒಂದು ಮಾತಿನಿಂದ. ಆ ಅಣ್ಣ ಆಗ ಯಾರ ಗುರುತಿನ ಸಂಖ್ಯೆಯನ್ನೂ ಕೇಳಿರಲಿಲ್ಲ.

‘ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದಲ್ಲ, ಭಯವೇಕೆ?’ ಎನ್ನುವವರಿದ್ದಾರೆ. ಇ-ಆಧಾರ್‌ನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ. ಇವೆರಡೂ ಜೊತೆಯಲ್ಲೇ ಕಳಿಸಿದ ಬಯೋಡೇಟಾದ ಮೊದಲ ಪುಟದಲ್ಲಿರುತ್ತವೆ. ಬೀಗದ ಪಕ್ಕದಲ್ಲೇ ಕೀಲಿಕೈ ನೇತುಹಾಕಿದಂತಾಯಿತು.

ಅಂಧೇರಿಯ ಒಂದು ಕಚೇರಿಯಲ್ಲಿ ವಾಕ್-ಇನ್ ಸಂದರ್ಶನಕ್ಕೆ ಹೋದ ನನ್ನ ತಂಗಿಯ ಮಗಳಿಗೆ ಕೊಟ್ಟಿದ್ದ ನಮೂನೆಯ ಫೋಟೋ ನೋಡಿದೆ. ತಂದೆಯ ಹೆಸರು, ತಾಯಿಯ ಮದುವೆಗೆ ಮುಂಚಿನ ಹೆಸರು, ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಎಲ್ಲವೂ ಅದರಲ್ಲಿದ್ದವು. ಓದಿನ ಬಗ್ಗೆ ಬರೆಯಲು ಎರಡು ಗೆರೆ ಜಾಗ. ಈ ವಿವರಗಳನ್ನು ಯಾರು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಅವಳನ್ನು ಒಳಗೆ ಕರೆಯುವ ಮೊದಲೇ ನಮೂನೆ ಭರ್ತಿಯಾಗಬೇಕಿತ್ತು. ಆಯ್ಕೆಯಾಗಲಿಲ್ಲ, ಕಾಗದ ಅಲ್ಲೇ ಉಳಿಯಿತು. ಸಂಬಳವನ್ನೇ ಕೊಡದ ಕಚೇರಿಗೆ ಸಂಬಳದ ಖಾತೆಯ ಸಂಖ್ಯೆ ಯಾವ ಉಪಯೋಗಕ್ಕೆ?

ಕೆಲಸಕ್ಕೆ ಸೇರಿದ ಮೇಲಿನ ಮಾತು ಬೇರೆ. ಪ್ಯಾನ್ ಕೊಡದಿದ್ದರೆ ಹೆಚ್ಚಿನ ದರದಲ್ಲಿ ಟಿಡಿಎಸ್ (ಸಂಬಳ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತವಾಗುತ್ತದೆ, ಭವಿಷ್ಯ ನಿಧಿಯ ಖಾತೆಗೆ ಆಧಾರ್ ಜೋಡಿಸಬೇಕಾಗುತ್ತದೆ, ಸಂಬಳ ಬರಲು ಬ್ಯಾಂಕ್ ಖಾತೆ ಬೇಕೇ ಬೇಕು. ಆದರೆ ಇವೆಲ್ಲ ಆಫರ್ ಲೆಟರ್ ಬಂದ ನಂತರದ ಕೆಲಸಗಳು. ನನ್ನ ತಕರಾರು ಇರುವುದು ನೂರು ಅರ್ಜಿದಾರರಲ್ಲಿ ಒಬ್ಬನನ್ನು ಆರಿಸುವುದಕ್ಕಾಗಿ ಉಳಿದ ತೊಂಬತ್ತೊಂಬತ್ತು ಜನರ ಗುರುತನ್ನೂ ಕಪಾಟಿನಲ್ಲಿ ತುಂಬಿಕೊಳ್ಳುವ ಪದ್ಧತಿಯ ಬಗ್ಗೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆಗೆ ತಮ್ಮ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ನಮ್ಮ ಗುಂಪುಗಳಲ್ಲಿ ಹೆಮ್ಮೆಯಿಂದ ಹಂಚಿಕೊಂಡದ್ದೂ ಉಂಟು. ಮರುವರ್ಷ ಸೆಪ್ಟೆಂಬರಿನ ತೀರ್ಪಿನಲ್ಲಿ, ಖಾಸಗಿ ಸಂಸ್ಥೆಗಳು ಕರಾರಿನ ಬಲದಿಂದ ಆಧಾರ್ ದೃಢೀಕರಣ ಮಾಡಿಕೊಳ್ಳಲು ಅವಕಾಶವಿದ್ದ, ಆಧಾರ್ ಕಾಯ್ದೆಯ 57ನೇ ಕಲಮಿನ ಭಾಗ ಬಿದ್ದುಹೋಯಿತು. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ‘ಜೆರಾಕ್ಸ್ ಪ್ರತಿಯನ್ನು ಯಾರಿಗೂ ಕೊಡಬೇಡಿ, ಮಾಸ್ಕ್ಡ್ ಆಧಾರ್ ಬಳಸಿ’ ಎಂದು ಪ್ರಕಟಣೆ ಹೊರಡಿಸಿತು; ತಪ್ಪು ಅರ್ಥ ಬರಬಹುದೆಂದು ಕೇಂದ್ರ ಸರ್ಕಾರ ಎರಡೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಹಿಂತೆಗೆದುಕೊಂಡದ್ದು ಪ್ರಕಟಣೆಯನ್ನು ಮಾತ್ರ. ಮೊದಲ ಎಂಟು ಅಂಕಿಗಳನ್ನು ಮರೆಮಾಡಿ ಕೊನೆಯ ನಾಲ್ಕನ್ನಷ್ಟೇ ತೋರಿಸುವ ಮಾಸ್ಕ್ಡ್ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಇಂದಿಗೂ ಸಿಗುತ್ತದೆ.

ಕೆಲಸ ಕೊಡಿಸುವ ನೆಪದಲ್ಲಿ ಪಡೆದ ಆಧಾರ್, ಪ್ಯಾನ್‌ಗಳಿಂದ ನಕಲಿ ಜಿಎಸ್‌ಟಿ ನೋಂದಣಿ ಮಾಡಿಸಿದ ಪ್ರಕರಣಗಳು ದೇಶದ ಹಲವು ಕಡೆ ಬೆಳಕಿಗೆ ಬಂದಿವೆ. ಏನೂ ಅರಿಯದ ಹುಡುಗನ ಮನೆಗೆ ತೆರಿಗೆ ನೋಟಿಸ್ ಬಂದಾಗಲೇ ತನ್ನ ಹೆಸರಿನಲ್ಲೊಂದು ಕಂಪನಿ ಇದೆಯೆಂದು ಅವನಿಗೆ ತಿಳಿಯುವುದು.

ಹಾಗಾದರೆ ಅರ್ಜಿದಾರರೇ ‘ಕೊಡುವುದಿಲ್ಲ’ ಎನ್ನಲಿ ಎಂದು ಉಪದೇಶಿಸುವುದು ಸುಲಭ. ಮೂರು ತಿಂಗಳಿಂದ ಸೋದರಮಾವನ ಮನೆಯಲ್ಲಿ ಉಳಿದು ಕೆಲಸ ಹುಡುಕುತ್ತಿರುವವನು ಹಾಗೆ ಹೇಳಲಾರ. ‘ಆಫರ್ ಲೆಟರ್ ಬಂದ ದಿನ ಮೂಲ ದಾಖಲೆಗಳನ್ನೇ ತಂದು ತೋರಿಸುತ್ತೇನೆ, ಸರ್’ ಎಂದಷ್ಟು ಹೇಳಬಹುದು. ಅದಕ್ಕೂ ಒಪ್ಪದಿದ್ದರೆ ಮಾಸ್ಕ್ಡ್ ಪ್ರತಿಯ ಮೇಲೆ ಕಂಪನಿಯ ಹೆಸರು, ದಿನಾಂಕ, ಉದ್ದೇಶವನ್ನು ಅಡ್ಡಲಾಗಿ ಬರೆದು ಕೊಡಬಹುದು. ಈಗಾಗಲೇ ಎಲ್ಲೆಡೆ ಕೊಟ್ಟಾಗಿದ್ದರೆ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಬೇಕು, ಅಂದರೆ ನಮ್ಮ ಬೆರಳಚ್ಚು, ಕಣ್ಣಿನ ಗುರುತುಗಳನ್ನು ಬೇರೆಯವರು ಬಳಸದಂತೆ ಬೀಗ ಹಾಕಬೇಕು. ಆದಾಯ ತೆರಿಗೆ ಜಾಲತಾಣದ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಅಪರಿಚಿತ ಆದಾಯವನ್ನೂ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿಯಲ್ಲಿ ಅಪರಿಚಿತ ಸಾಲವನ್ನೂ ಹುಡುಕಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ನಿಜವಾಗಿ ಬದಲಾಗಬೇಕಾದವರು ಕೇಳುವ ಕಡೆ ಕುಳಿತವರು, ಅವರಲ್ಲಿ ನಮ್ಮವರೂ ಇದ್ದಾರೆ. ಹೋಟೆಲ್ ಮಾಲೀಕರು, ಕಚೇರಿಗಳ ಎಚ್‌ಆರ್ ವಿಭಾಗದವರು, ಸಂಘಗಳ ಪದಾಧಿಕಾರಿಗಳು ತಮ್ಮ ಅರ್ಜಿ ನಮೂನೆಯಿಂದ ಈ ಕಾಲಮ್ಮುಗಳನ್ನು ತೆಗೆಯಲು ಯಾವ ಕಾನೂನೂ ಅಡ್ಡಬರುವುದಿಲ್ಲ. ಗುಂಪುಗಳ ಅಡ್ಮಿನ್‌ಗಳಲ್ಲಿ ನನ್ನ ಕೋರಿಕೆ ಇಷ್ಟೇ: ಹೆಸರು, ಓದು, ಅನುಭವ, ಫೋನ್ ನಂಬರ್ ಇರುವ ಸಂದೇಶವನ್ನು ಮಾತ್ರ ಬಿಡಿ. ಆಧಾರ್ ಬಂದರೆ ಕೂಡಲೇ ಅಳಿಸಿ, ಹಾಕಿದವರಿಗೆ ಬೇರೆಯಾಗಿ ಫೋನ್ ಮಾಡಿ ಕಾರಣ ತಿಳಿಸಿ. ಎಲ್ಲರೆದುರು ಗದರಿದರೆ ಆ ಹುಡುಗ ಮತ್ತೆ ಸಹಾಯವನ್ನೇ ಕೇಳಲಿಕ್ಕಿಲ್ಲ.