‘ಯಾವುದು ಇಷ್ಟ?’ ಅಂತ ಯಾವಾಗ ಕೇಳಿದಿರಿ?

ಎರಡು ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟು ‘ಇದರಲ್ಲಿ ಯಾವುದು ಇಷ್ಟ?’ ಅಂತ ಬಳಕೆದಾರರನ್ನು ಕೇಳುವುದು, ಜಾಸ್ತಿ ವೋಟು ಬಿದ್ದದ್ದನ್ನು ಆರಿಸುವುದು, ಆಮೇಲೆ ಯಾರಾದರೂ ಆಕ್ಷೇಪ ಎತ್ತಿದರೆ ‘ಬಳಕೆದಾರರೇ ಒಪ್ಪಿದ್ದಾರಲ್ಲ’ ಎಂದು ಬಾಯಿ ಮುಚ್ಚಿಸುವುದು. ಸಾಫ್ಟ್‌ವೇರ್ ಕೆಲಸದಲ್ಲಿ ಇರುವವರಿಗೆಲ್ಲ ಇದು ಗೊತ್ತು. ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಜನ ಅಂದಕ್ಕೆ ಎಷ್ಟು ಬೆಲೆ ಕೊಡುತ್ತಾರೆ, ಅನುಕೂಲಕ್ಕೆ ಎಷ್ಟು ಬೆಲೆ ಕೊಡುತ್ತಾರೆ ಅನ್ನುವುದು ಇದರಿಂದ ತಿಳಿಯುವುದಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಅಂದ ಕಾಣುತ್ತದೆ, ಅನುಕೂಲ ಕಾಣುವುದೇ ಇಲ್ಲ. ಕಾಣದೇ ಇರುವುದಕ್ಕೆ ವೋಟು ಹೇಗೆ ಬೀಳಬೇಕು?

ನೋಟದ ಪ್ರಭಾವ ಸಣ್ಣದಲ್ಲ. ಒಂದು ವೆಬ್ ಪುಟ ಚೆನ್ನಾಗಿದೆಯೋ ಇಲ್ಲವೋ ಅನ್ನುವ ಅಭಿಪ್ರಾಯ 50 ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ 20ನೇ ಒಂದು ಭಾಗದಲ್ಲಿ, ಮೂಡಬಲ್ಲದು ಎಂದು ಕೆನಡಾದ ಗಿಟ್ಟೆ ಲಿಂಡ್‌ಗಾರ್ಡ್ ಮತ್ತು ಜೊತೆಗಾರರು 2006ರಲ್ಲಿ ತೋರಿಸಿದರು. ಅದಕ್ಕಿಂತ ಹಿಂದೆ, 1995ರಲ್ಲಿ, ಜಪಾನಿನ ಕುರೋಸು ಮತ್ತು ಕಾಶಿಮುರಾ ಎಟಿಎಂ ಪರದೆಯ 26 ವಿನ್ಯಾಸಗಳನ್ನು 252 ಜನಕ್ಕೆ ತೋರಿಸಿದ್ದರು. ಅಂದವಾಗಿ ಕಂಡದ್ದೇ ‘ಬಳಸಲು ಸುಲಭ’ ಅಂತಲೂ ಕಂಡಿತು. ನಿಜವಾಗಿ ಎಷ್ಟು ಸುಲಭ ಅನ್ನುವುದಕ್ಕೂ ಜನರ ಅಂದಾಜಿಗೂ ಅಷ್ಟು ಗಟ್ಟಿ ನಂಟು ಇರಲಿಲ್ಲ. ಇದು ಜಪಾನಿನವರ ಸೌಂದರ್ಯಪ್ರಜ್ಞೆಯ ವಿಷಯ ಇರಬಹುದೇ ಎಂದು ನೋಡಲು ನೋಮ್ ಟ್ರಾಕ್ಟಿನ್ಸ್ಕಿ ಇಸ್ರೇಲಿನಲ್ಲಿ ಅದನ್ನೇ ಮತ್ತೆ ಮಾಡಿದರು. ಅಲ್ಲಿ ಅಂದಕ್ಕೂ ‘ಬಳಸಲು ಸುಲಭ’ ಅನ್ನುವ ಅನಿಸಿಕೆಗೂ ನಂಟು ಇನ್ನೂ ಬಿಗಿಯಾಗಿ ಸಿಕ್ಕಿತು.

ಇಷ್ಟಕ್ಕೇ ನಿಂತರೆ ‘ಚೆಂದ ಮಾಡಿ, ಸಾಕು’ ಅನ್ನಬೇಕಾಗುತ್ತದೆ. ಆದರೆ 2012ರಲ್ಲಿ ಅಲೆಕ್ಸಾಂಡ್ರೆ ಟುಖ್ ಮತ್ತು ಸಂಗಡಿಗರು ಒಂದು ಆನ್‌ಲೈನ್ ಅಂಗಡಿಯನ್ನು ಜನರ ಕೈಗೆ ಕೊಟ್ಟು, ಅದರಲ್ಲಿ ಕೆಲಸ ಮಾಡಿಸಿ, ಆಮೇಲೆ ಕೇಳಿದರು. ಉತ್ತರ ಉಲ್ಟಾ ಬಂತು. ಅಂದದಿಂದ ಅನುಕೂಲದ ಅಂಕ ಏರಲಿಲ್ಲ. ಬಳಸುವಾಗ ಒದ್ದಾಡಿದವರಿಗೆ ಆ ಅಂಗಡಿಯ ಅಂದವೇ ಕಮ್ಮಿ ಕಂಡಿತು. ಹಾಗಂತ ಇಷ್ಟಕ್ಕೆ ಈ ವಿಷಯ ತೀರ್ಮಾನವಾಗಿಬಿಟ್ಟಿತು ಅನ್ನುವಂತಿಲ್ಲ. ಟ್ರಾಕ್ಟಿನ್ಸ್ಕಿ ತಂಡ 2000ದಲ್ಲಿ ಬಳಸಿದ ಮೇಲೂ ಅಂದದ ಪ್ರಭಾವ ಉಳಿದದ್ದನ್ನು ಕಂಡಿತ್ತು. ಎಂಥ ಕೆಲಸ, ಎಷ್ಟು ತೊಡಕು, ಕೇಳಿದ್ದು ಯಾವಾಗ, ಇವೆಲ್ಲ ಉತ್ತರವನ್ನು ಬದಲಾಯಿಸುತ್ತವೆ. ಅದಕ್ಕೇ ಒಂದೇ ಒಂದು ಅಂಕಿ ಹಿಡಿದು ಕುಣಿಯುವವರನ್ನು ಕಂಡರೆ ನನಗೆ ಬೇಸರ.

ಪಟ್ಟ ಒದ್ದಾಟ ಒಂದು, ಕೊಟ್ಟ ಅಂಕ ಇನ್ನೊಂದು ಆಗುವುದು ಟೆಸ್ಟಿಂಗ್ ಕೋಣೆಯಲ್ಲಿ ಕೂತವರಿಗೆ ಕಣ್ಣಾರೆ ಕಾಣುತ್ತದೆ. ಒಬ್ಬರಿಗೆ ಬುಕಿಂಗ್ ಒಂದನ್ನು ಕ್ಯಾನ್ಸಲ್ ಮಾಡಿ ಅಂತ ಹೇಳಿದ್ದೆವು. ಕ್ಯಾನ್ಸಲ್ ಇದ್ದದ್ದು ಮೂಲೆಯ ಮೂರು ಚುಕ್ಕಿಗಳ ಒಳಗೆ, ತಿಳಿ ಬೂದು ಬಣ್ಣದಲ್ಲಿ. ಅವರು ಮೊದಲು ಟಿಕೆಟ್ ಚಿತ್ರದ ಮೇಲೆ ಒತ್ತಿದರು. ಹಿಂದೆ ಹೋದರು. ಪ್ರೊಫೈಲ್ ತೆಗೆದರು. ಮತ್ತೆ ಹಿಂದೆ ಬಂದರು. ಬೆರಳು ಪರದೆಯ ಮೇಲೆ ಸುಮ್ನೆ ನಿಂತಿತ್ತು. ಕೊನೆಗೆ ನಾವೇ ತೋರಿಸಬೇಕಾಯಿತು. ಆಮೇಲೆ ಪ್ರಶ್ನೆಪತ್ರ ಕೊಟ್ಟರೆ ‘ಬಳಸಲು ಸುಲಭ’ ಅನ್ನುವುದಕ್ಕೆ ಒಳ್ಳೆಯ ಅಂಕ! ‘ಆ್ಯಪ್ ಚೆನ್ನಾಗಿದೆ, ನನಗೇ ಗೊತ್ತಾಗ್ಲಿಲ್ಲ’ ಅಂದರು. ತಪ್ಪನ್ನು ತಮ್ಮ ತಲೆ ಮೇಲೆ ಹಾಕಿಕೊಂಡು ಎದ್ದು ಹೋದರು. ಆ ಮಾತು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು.

ಪ್ರಶ್ನೆಪತ್ರ ಬೇಡ ಅಂತಲ್ಲ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ 10 ಹೇಳಿಕೆಗಳ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಎಂಬ ಪ್ರಶ್ನೆಪತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಆದರೆ ಅನುಕೂಲ ಅಂದರೆ ಏನು ಎಂದು ಹೇಳುವ ಐಎಸ್‌ಒ 9241-11 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಮೂರು ಸಂಗತಿಗಳಿವೆ: ಕೆಲಸ ಮುಗಿಯಿತಾ, ಎಷ್ಟು ಶ್ರಮ ಹಿಡಿಯಿತು, ಮನಸ್ಸಿಗೆ ತೃಪ್ತಿಯಾಯಿತಾ. ಪ್ರಶ್ನೆಪತ್ರದಲ್ಲಿ ಸಿಗುವುದು ಬಳಸಿದವರ ಅನಿಸಿಕೆ ಮಾತ್ರ. ಮೊದಲ ಎರಡನ್ನು ಗಡಿಯಾರ ಹಿಡಿದು, ತಪ್ಪು ಹೆಜ್ಜೆಗಳನ್ನು ಎಣಿಸಿ ನೋಡಬೇಕು.

ಇನ್ನು ‘ಯಾವುದಕ್ಕೆ ಎಷ್ಟು ತೂಕ’ ಅನ್ನುವ ಪ್ರಶ್ನೆ. ‘ಅಂದ ಮುಖ್ಯವೋ, ಅನುಕೂಲ ಮುಖ್ಯವೋ?’ ಎಂದು ನೇರವಾಗಿ ಕೇಳಿದರೆ ಜಾಸ್ತಿ ಜನ ಅನುಕೂಲ ಅನ್ನುತ್ತಾರೆ. ಹಾಗೆ ಹೇಳುವುದೇ ಬುದ್ಧಿವಂತಿಕೆ ಅಂತ ಎಲ್ಲರಿಗೂ ಅನಿಸುತ್ತದೆ, ಅಲ್ವಾ? ಅದಕ್ಕೆ ಮಾರುಕಟ್ಟೆ ಅಧ್ಯಯನದವರು ಕಾನ್‌ಜಾಯಿಂಟ್ ಅನಾಲಿಸಿಸ್ ಬಳಸುತ್ತಾರೆ. ಅದರ ಗಣಿತದ ಬುನಾದಿ ಹಾಕಿದ್ದು 1964ರಲ್ಲಿ ಲ್ಯೂಸ್ ಮತ್ತು ಟೂಕಿ. ನೇರ ಪ್ರಶ್ನೆ ಇರುವುದಿಲ್ಲ. ಒಂದು ಕಡೆ ಅಂದವಾದ, ಆದರೆ ಐದು ಹೆಜ್ಜೆ ಹಿಡಿಯುವ ಆ್ಯಪ್. ಇನ್ನೊಂದು ಕಡೆ ಸಪ್ಪೆಯಾದ, ಎರಡೇ ಹೆಜ್ಜೆಯ ಆ್ಯಪ್. ಒಂದನ್ನು ಬಿಟ್ಟೇ ಇನ್ನೊಂದನ್ನು ತಗೋಬೇಕು. ಇಂಥ ಜೋಡಿಗಳನ್ನು ಬದಲಾಯಿಸುತ್ತ ಹೋದರೆ, ಅಂದಕ್ಕಾಗಿ ಎಷ್ಟು ಹೆಜ್ಜೆ ಸಹಿಸಿಕೊಳ್ಳುತ್ತಾರೆ ಅನ್ನುವುದು ಲೆಕ್ಕಕ್ಕೆ ಸಿಗುತ್ತದೆ.

ಒಳ್ಳೆಯ ದಾರಿಯೇ. ಆದರೆ ಇಲ್ಲೂ ಒಂದು ಕುಂಟು ಇದೆ. ಅಂದವನ್ನು ಜನ ಕಣ್ಣಲ್ಲಿ ನೋಡುತ್ತಿದ್ದಾರೆ. ‘ಐದು ಹೆಜ್ಜೆ’ ಅನ್ನುವುದನ್ನು ಬರೀ ಓದುತ್ತಿದ್ದಾರೆ. ಕಂಡದ್ದಕ್ಕೂ ಓದಿದ್ದಕ್ಕೂ ಒಂದೇ ತಕ್ಕಡಿಯಲ್ಲಿ ನ್ಯಾಯ ಸಿಗುವುದಿಲ್ಲ. ಹಾಗಾಗಿ ಎರಡನ್ನೂ ಬಳಸಿಸಿ, ಆಮೇಲೆ ಆರಿಸಲು ಕೊಡಬೇಕು. ಅದೂ ‘ಯಾವುದು ಇಷ್ಟ’ ಅಂತಲ್ಲ. ‘ಉಳಿದ ಕೆಲಸವನ್ನು ಯಾವುದರಲ್ಲಿ ಮುಗಿಸುತ್ತೀರಿ?’ ಅಂತ. ತಮ್ಮದೇ ಸಮಯ ಹಾಕಬೇಕಾದಾಗ ಆರಿಸುವ ರೀತಿಯೇ ಬೇರೆ. ಸಾಧ್ಯವಾದರೆ ಕೆಲವು ದಿನ ಬಿಟ್ಟು ಅವರನ್ನೇ ಮತ್ತೆ ಕೇಳಬೇಕು. ಮೊದಲ ದಿನ ಕಣ್ಣು ಕುಕ್ಕಿದ ಅನಿಮೇಶನ್ ದಿನಾ ನೋಡಬೇಕಾದಾಗ ಬರೀ ತಡಮಾಡಿಸಿ ಕಾಡುತ್ತದೆ.

ಸರಾಸರಿಯ ಬಗ್ಗೆಯೂ ಹೇಳಲೇಬೇಕು. ಅರ್ಧ ಜನಕ್ಕೆ ಅಂದವೇ ಬೇಕು, ಇನ್ನರ್ಧಕ್ಕೆ ಅನುಕೂಲವೇ ಬೇಕು ಅಂದುಕೊಳ್ಳಿ. ಸರಾಸರಿ ತೆಗೆದರೆ ಎಲ್ಲರಿಗೂ ಎರಡೂ ಸಮಸಮ ಅಂತ ಬರುತ್ತದೆ. ಅಂಥ ಮನುಷ್ಯ ಆ ಗುಂಪಿನಲ್ಲಿ ಒಬ್ಬನೂ ಇಲ್ಲ! 2013ರಲ್ಲಿ ಐಫೋನಿನ ಐಒಎಸ್ 7 ಬಂದಾಗ ಎಷ್ಟೋ ಬಟನ್‌ಗಳ ಅಂಚು ಹೋಗಿ ಬರೀ ಅಕ್ಷರ ಉಳಿಯಿತು. ಎಷ್ಟೋ ಜನ ಮೆಚ್ಚಿದರು. ಎಲ್ಲಿ ಒತ್ತಬೇಕು ಅಂತ ತಿಳಿಯದೆ ತಡಕಾಡಿದವರೂ ಇದ್ದರು. ಮರುವರ್ಷ 7.1ರಲ್ಲಿ ಬಟನ್ ಆಕಾರ ತೋರಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಸೇರಿತು. ಕಣ್ಣು ಮಂಜಾದವರ, ಕೈ ನಡುಗುವವರ ಉತ್ತರವನ್ನು ಬೇರೆಯಾಗಿ ಇಟ್ಟು ನೋಡದಿದ್ದರೆ ಅವರ ಕಷ್ಟ ಸರಾಸರಿಯಲ್ಲಿ ಕರಗಿಹೋಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ.

ಅಂದದ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಟ್ರಾಕ್ಟಿನ್ಸ್ಕಿ ಮತ್ತು ತಾಲಿಯಾ ಲಾವಿ 2004ರಲ್ಲಿ ಅಂದದಲ್ಲೇ ಎರಡು ಬಗೆ ಗುರುತಿಸಿದರು. ಒಂದು ಅಚ್ಚುಕಟ್ಟಿನದು: ಸಾಲು ಸರಿ, ಗೊಂದಲ ಇಲ್ಲ. ಇನ್ನೊಂದು ಹೊಸತನದ್ದು: ಬೆರಗು, ಮೆರುಗು. ಮೊದಲನೆಯದು ಅನುಕೂಲಕ್ಕೆ ತೀರಾ ಹತ್ತಿರ. ಇವೆರಡನ್ನೂ ‘ಲುಕ್’ ಅಂತ ಒಂದೇ ಖಾನೆಗೆ ತುಂಬಿ ಅಂಕ ಕೇಳಿದರೆ, ಬಂದ ಅಂಕ ಯಾವುದರದ್ದು ಅಂತ ಹೇಳುವವರು ಯಾರು?

ನಿಮ್ಮ ಕಡೆ ಹೊಸ ಡಿಸೈನ್‌ಗೆ ವೋಟು ಹಾಕಿಸುವುದಿದ್ದರೆ, ಬರೀ ನೋಡಿ ಒಂದು ಸಲ ಹಾಕಲಿ, ಆಮೇಲೆ ಒಂದು ಕೆಲಸ ಕೊಟ್ಟು ಬಳಸಲು ಬಿಟ್ಟು ಇನ್ನೊಂದು ಸಲ ಹಾಕಿಸಿ. ಕ್ಯಾನ್ಸಲ್ ಮಾಡಿಸಿ, ತಪ್ಪಾಗಿ ಬರೆದ ಹೆಸರು ತಿದ್ದಿಸಿ, ಹೋದ ಪಾಸ್‌ವರ್ಡ್ ವಾಪಸ್ ಪಡೆಯಲು ಹೇಳಿ. ಮೊದಲು ಬಿದ್ದಿದ್ದ ವೋಟನ್ನೂ ಆಮೇಲೆ ಬಿದ್ದದ್ದನ್ನೂ ಮೀಟಿಂಗ್‌ನಲ್ಲಿ ಪಕ್ಕಪಕ್ಕ ತೋರಿಸಿ.