ಸ್ಪಷ್ಟನೆ: ‘ಚಿಕ್ಕ ಕೋಣೆ’ಯ ಆ ಉತ್ತರ ಬರ್ನಾರ್ಡ್ ಶಾ ಅವರದ್ದಲ್ಲ

ಪುಸ್ತಕಕ್ಕೆ ಒಂದೇ ಸ್ಟಾರ್ ಕೊಟ್ಟು ಬೈದ ಓದುಗರಿಗೆ ಲೇಖಕರು ನಗುತ್ತಲೇ ಉತ್ತರ ಕೊಟ್ಟಾಗಲೆಲ್ಲ ಒಂದು ಹಳೇ ಮಾತು ಶೇರ್ ಆಗುತ್ತದೆ: “ನಾನು ಮನೆಯ ಅತಿ ಚಿಕ್ಕ ಕೋಣೆಯಲ್ಲಿ ಕೂತಿದ್ದೇನೆ. ನಿಮ್ಮ ವಿಮರ್ಶೆ ನನ್ನ ಮುಂದಿದೆ. ಇನ್ನೇನು ಹಿಂದೆ ಹೋಗುತ್ತದೆ.” ‘ಚಿಕ್ಕ ಕೋಣೆ’ ಅಂದರೆ ಶೌಚಾಲಯ. ಕೆಳಗೆ ನಾಟಕಕಾರ ಬರ್ನಾರ್ಡ್ ಶಾ ಹೆಸರು. ಕೆಲವು ಕಡೆ ಫ್ರೆಂಚ್ ಲೇಖಕ ವೋಲ್ಟೇರ್.

ಇಬ್ಬರೂ ಅಲ್ಲ. ಈ ಮಾತು ಜರ್ಮನಿಯ ಸಂಗೀತ ಸಂಯೋಜಕ ಮ್ಯಾಕ್ಸ್ ರೇಗರ್ ಅವರದ್ದೆಂದು ದಾಖಲಾಗಿದೆ. 1906ರ ಫೆಬ್ರುವರಿಯಲ್ಲಿ ಮ್ಯೂನಿಕ್‌ನಲ್ಲಿ ವಾದ್ಯವೃಂದಕ್ಕಾಗಿ ಅವರು ಬರೆದ ‘ಸಿಂಫೋನಿಯೆಟ್ಟಾ’ ಎಂಬ ಕೃತಿಯನ್ನು ನುಡಿಸಿದರು. ರುಡಾಲ್ಫ್ ಲೂಯಿ ಎಂಬ ವಿಮರ್ಶಕರು ಪತ್ರಿಕೆಯಲ್ಲಿ ಅದನ್ನು ಚೆನ್ನಾಗಿ ಜಾಡಿಸಿದರು. ಅದಕ್ಕೆ ರೇಗರ್ ಬರೆದ ಉತ್ತರ ಇದು. ಸಂಗೀತಗಾರರು ತಿಂದ ಬೈಗುಳಗಳನ್ನೆಲ್ಲ ಒಟ್ಟುಮಾಡಿ ನಿಕೋಲಸ್ ಸ್ಲೊನಿಮ್‌ಸ್ಕಿ 1953ರಲ್ಲಿ ಒಂದು ಪುಸ್ತಕ ತಂದರು. ಅದರಲ್ಲಿ ಈ ಪತ್ರ ರೇಗರ್ ಹೆಸರಿನಲ್ಲೇ ಇದೆ.

ಶಾ ಹೆಸರು ಯಾಕೆ ಅಂಟಿಕೊಂಡಿತು? ಚುರುಕಾದ ಮಾತು ಯಾರದ್ದೇ ಇರಲಿ, ಹೆಸರಾಂತ ಮಾತುಗಾರರ ಖಾತೆಗೆ ಸೇರಿಬಿಡುತ್ತದೆ, ಅಲ್ವಾ? ಆದರೆ ಇಲ್ಲಿ ಹೆಸರು ಬದಲಾದರೆ ಅರ್ಧ ಕಥೆಯೇ ಹೋಗುತ್ತದೆ. ಹಳೇ ಪತ್ರಿಕೆ ಹರಿದು ಶೌಚಕ್ಕೆ ಬಳಸುತ್ತಿದ್ದ ಕಾಲ ಅದು. ಬೈದ ವಿಮರ್ಶೆ ಕಾಗದದಲ್ಲಿ ಅಚ್ಚಾಗಿತ್ತು, ಉತ್ತರದ ಚುಚ್ಚು ಇರುವುದೂ ಆ ಕಾಗದದಲ್ಲೇ. ನೊಂದ ಒಬ್ಬ ಕಲಾವಿದ ಒಬ್ಬ ವಿಮರ್ಶಕನಿಗೇ ನೇರವಾಗಿ ಬರೆದದ್ದು ಇದು. ಸುಮ್ನೆ ಗಾಳಿಗೆ ಬಿಟ್ಟ ಜೋಕ್ ಅಲ್ಲ.

ರೇಗರ್ 1916ರಲ್ಲಿ, 43ನೇ ವಯಸ್ಸಿಗೇ ತೀರಿಕೊಂಡರು. ನಮ್ಮಲ್ಲಿ ಅವರ ಹೆಸರು ಕೇಳಿದವರೇ ಕಡಿಮೆ. ಇನ್ನು ಮುಂದೆ ಶೇರ್ ಮಾಡುವವರು ದಯವಿಟ್ಟು ಅವರ ಹೆಸರನ್ನೇ ಹಾಕಿ.